ಸದನದಲ್ಲಿ ನಮ್ಮ ಜಿಲ್ಲೆಯ ಪ್ರಶ್ನೆ: ಬರೆಯುವುದು ಹೇಗೆ, ಉತ್ತರ ಹೊರಡಿಸುವುದು ಹೇಗೆ

ಶಾಸಕರು ವಿಧಾನಮಂಡಲದಲ್ಲಿ ಕೇಳುವ ಎಷ್ಟೋ ಪ್ರಶ್ನೆಗಳು ಹುಟ್ಟುವುದು ಊರಲ್ಲೇ. ಎಸ್‌ಡಿಎಂಸಿಯವರೋ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ರೈತ ಸಂಘದವರೋ ಹಾಸ್ಟೆಲ್ ಹುಡುಗರೋ ಕೊಟ್ಟ ಮನವಿಯನ್ನು ಪಿಎ ಒಂದು ಹಾಳೆಗೆ ಇಳಿಸಿ, ಸಾಹೇಬರ ಸಹಿ ಹಾಕಿಸಿ ಸದನದ ಸಚಿವಾಲಯಕ್ಕೆ ಮುಟ್ಟಿಸುತ್ತಾರೆ. ಹಾಳೆ ಸರಿಯಾಗಿದ್ದರೆ ಇಲಾಖೆ ಅಂಕಿಸಂಖ್ಯೆ ಕೊಡಲೇಬೇಕಾಗುತ್ತದೆ. ಸಡಿಲಾಗಿದ್ದರೆ ‘ಉದ್ಭವಿಸುವುದಿಲ್ಲ’ (ಅಂದರೆ ಈ ಪ್ರಶ್ನೆಯೇ ಏಳುವುದಿಲ್ಲ) ಅಂತ ಬರೆದು ಕೈ ತೊಳೆದುಕೊಳ್ಳುತ್ತದೆ. ಆ ಹಾಳೆ ತಯಾರಿಸುವವರಿಗಾಗಿ ಈ ಬರಹ.

ಮೊದಲು ಯಾರ ಹತ್ತಿರ ಹೋಗಬೇಕು

ಧಾರವಾಡ ಜಿಲ್ಲೆಯಲ್ಲಿ 7, ಹಾವೇರಿಯಲ್ಲಿ 6, ಗದಗದಲ್ಲಿ 4, ಒಟ್ಟು 17 ವಿಧಾನಸಭಾ ಕ್ಷೇತ್ರಗಳಿವೆ. ನಿಮ್ಮ ಎಮ್ಮೆಲ್ಲೆ ಸಚಿವರಾಗಿದ್ದರೆ ಅವರು ಉತ್ತರ ಕೊಡುವ ಕಡೆ ಕೂತವರು, ಪ್ರಶ್ನೆ ಕೇಳುವಂತಿಲ್ಲ. ವಿಧಾನಸಭೆಯ ಸಭಾಧ್ಯಕ್ಷರು, ಪರಿಷತ್ತಿನ ಸಭಾಪತಿಗಳೂ ಕೇಳುವುದಿಲ್ಲ. ಹಾಗಿದ್ದಾಗ ಪಕ್ಕದ ಕ್ಷೇತ್ರದವರನ್ನು ಹಿಡಿಯಬೇಕು. ತನ್ನ ಕ್ಷೇತ್ರದ ಬಗ್ಗೆಯಷ್ಟೇ ಕೇಳಬೇಕೆಂಬ ಕಟ್ಟಳೆ ಯಾವ ಸದಸ್ಯರಿಗೂ ಇಲ್ಲ.

ವಿಧಾನ ಪರಿಷತ್ತನ್ನು ನಮ್ಮ ಕಡೆಯವರು ಮರೆಯುವುದೇ ಹೆಚ್ಚು. ಪಶ್ಚಿಮ ಶಿಕ್ಷಕರ ಕ್ಷೇತ್ರ, ಪಶ್ಚಿಮ ಪದವೀಧರರ ಕ್ಷೇತ್ರ ಎರಡಕ್ಕೂ ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಸೇರಿವೆ. ಧಾರವಾಡ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಇಬ್ಬರು ಇದ್ದಾರೆ. ಅನುದಾನಿತ ಶಾಲೆಯ ಸಂಬಳ, ಪಿಂಚಣಿಯ ವಿಷಯ ಶಿಕ್ಷಕರ ಕ್ಷೇತ್ರದ ಸದಸ್ಯರಿಗೆ ಕಂಠಪಾಠ. ನೇಮಕಾತಿ, ಪದವಿ ಕಾಲೇಜಿನ ವಿಷಯ ಪದವೀಧರರ ಕ್ಷೇತ್ರಕ್ಕೆ, ಗ್ರಾಮ ಪಂಚಾಯ್ತಿ ಅನುದಾನ ಸ್ಥಳೀಯ ಸಂಸ್ಥೆಯವರಿಗೆ ಹೊಂದುತ್ತದೆ.

ಒಂದೇ ಪ್ರಶ್ನೆಯನ್ನು ಒಂದೇ ಸದನದ ನಾಲ್ಕು ಸದಸ್ಯರಿಗೆ ಹಂಚಬೇಡಿ. ಒಟ್ಟುಗೂಡಿಸಿ ಒಂದೇ ಉತ್ತರ ಕೊಡುತ್ತಾರೆ, ನಾಲ್ವರಿಗೂ ಬೇಜಾರು. ವಿಧಾನಸಭೆಯಲ್ಲಿ ಒಬ್ಬರು, ಪರಿಷತ್ತಿನಲ್ಲಿ ಒಬ್ಬರು ಕೇಳಿದರೆ ಮಾತ್ರ ಲಾಭವಿದೆ: ಒಂದೇ ಇಲಾಖೆಯ ಎರಡು ಉತ್ತರ ಪಕ್ಕಪಕ್ಕ ಇಟ್ಟು ತಾಳೆ ನೋಡಬಹುದು. ಅಂಕಿ ಕೂಡಿಬರದಿದ್ದರೆ ಮುಂದಿನ ಪ್ರಶ್ನೆ ತಾನಾಗಿಯೇ ಸಿಕ್ಕಂತೆ.

ಇನ್ನೊಂದು ಮಾತು. ಒಂದು ಅಂಗನವಾಡಿಯ ಛಾವಣಿ, ಒಂದು ಊರಿನ ಬಸ್ಸು, ಒಬ್ಬ ಅಜ್ಜಿಯ ಪಿಂಚಣಿ ಇವು ಸದನಕ್ಕೆ ಒಯ್ಯುವ ವಿಷಯವಲ್ಲ. ತಾಲ್ಲೂಕು ಕೆಡಿಪಿ (ಅಭಿವೃದ್ಧಿ ಕೆಲಸಗಳ ಪ್ರಗತಿ ಪರಿಶೀಲನಾ) ಸಭೆಯಲ್ಲಿ ಶಾಸಕರೇ ಅಧ್ಯಕ್ಷರು, ಅಧಿಕಾರಿಗಳೆಲ್ಲ ಎದುರಿಗೇ ಇರುತ್ತಾರೆ. ಅಲ್ಲಿ ಎರಡು ಸಭೆಯಲ್ಲಿ ಪ್ರಸ್ತಾಪಿಸಿಯೂ ಆಗದ್ದು, ಅಥವಾ ಹತ್ತಾರು ಊರಿಗೆ ಸಂಬಂಧಿಸಿದ್ದು ಸದನಕ್ಕೆ ಹೋಗಲಿ. ಹಾಗೆ ಹೋದಾಗ ಕೆಡಿಪಿ ನಡಾವಳಿಯ ದಿನಾಂಕ ಪ್ರಶ್ನೆಯ ಜೊತೆ ಇರಲಿ. ‘ಗಮನಕ್ಕೆ ಬಂದಿಲ್ಲ’ ಅನ್ನುವ ಬಾಗಿಲು ಅಲ್ಲಿಗೆ ಮುಚ್ಚುತ್ತದೆ.

ಚುಕ್ಕೆ ಬೇಕೋ ಬೇಡವೋ

ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಹಾಕಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಅಷ್ಟೇ. ಚುಕ್ಕೆ ಇದ್ದರೆ ಮರ್ಯಾದೆ ಹೆಚ್ಚು ಅಂತ ಎಲ್ಲವನ್ನೂ ಅದರಲ್ಲೇ ಹಾಕುವ ಚಾಳಿ ಇದೆ. ಅದು ತಪ್ಪು ಲೆಕ್ಕ. ಪ್ರಶ್ನೋತ್ತರ ಕಲಾಪಕ್ಕೆ ಸಿಗುವ ಹೊತ್ತಿನಲ್ಲಿ ಪಟ್ಟಿಯ ಮೊದಲ ಕೆಲವು ಪ್ರಶ್ನೆಗಳಷ್ಟೇ ಬಾಯಿಗೆ ಬರುತ್ತವೆ. ಉಳಿದವಕ್ಕೆ ಕೊನೆಗೆ ಲಿಖಿತ ಉತ್ತರವೇ ಗತಿ.

ಶಾಲಾವಾರು, ಗ್ರಾಮವಾರು ಪಟ್ಟಿ ಬೇಕಿದ್ದರೆ ಚುಕ್ಕೆ ಇಲ್ಲದೆ ಕೇಳಿ, ಅನುಬಂಧ ತುಂಬಿ ಬರುತ್ತದೆ. ಸಚಿವರ ಬಾಯಿಂದ ‘ಇಂಥ ತಿಂಗಳೊಳಗೆ ಮಾಡುತ್ತೇವೆ’ ಅನ್ನಿಸಬೇಕಿದ್ದರೆ ಚುಕ್ಕೆ ಹಾಕಿ. ಒಳ್ಳೆಯ ಕ್ರಮವೆಂದರೆ ಒಂದು ಅಧಿವೇಶನದಲ್ಲಿ ಅಂಕಿ ತರಿಸಿಕೊಂಡು, ಮುಂದಿನದರಲ್ಲಿ ಅದೇ ಅಂಕಿ ಹಿಡಿದು ಚುಕ್ಕೆ ಪ್ರಶ್ನೆ ಕೇಳುವುದು.

ತುರ್ತಾದದ್ದಕ್ಕೆ ಪ್ರಶ್ನೆ ತಡವಾಗುತ್ತದೆ. ಅದಕ್ಕೆ ಬೇರೆ ದಾರಿಗಳಿವೆ: ವಿಧಾನಸಭೆಯಲ್ಲಿ ನಿಯಮ 73ರ ಗಮನ ಸೆಳೆಯುವ ಸೂಚನೆ, ನಿಯಮ 351ರ ಪ್ರಸ್ತಾಪ, ಪರಿಷತ್ತಿನಲ್ಲಿ ನಿಯಮ 72 ಮತ್ತು 330. ಎರಡೂ ಕಡೆ ಶೂನ್ಯ ವೇಳೆ ಇದೆ, ಆದರೆ ಅಲ್ಲಿ ಹೇಳಿದ್ದಕ್ಕೆ ಅನುಬಂಧ ಸಮೇತ ಉತ್ತರ ನಿರೀಕ್ಷಿಸುವಂತಿಲ್ಲ.

ದಿನದ ಲೆಕ್ಕ

ಸಾಮಾನ್ಯ ನಿಯಮ 15 ಪೂರ್ಣ ದಿನಗಳ ಸೂಚನೆ. ಪೂರ್ಣ ದಿನ ಎಂದರೆ ಕೊಟ್ಟ ದಿನವನ್ನೂ ಉತ್ತರದ ದಿನವನ್ನೂ ಬಿಟ್ಟು ಎಣಿಸಬೇಕು. ಡಿಸೆಂಬರ್ 15ಕ್ಕೆ ಉತ್ತರ ಬೇಕಿದ್ದರೆ ನವೆಂಬರ್ 29ರೊಳಗೆ ಸಚಿವಾಲಯದ ಮೊಹರು ಬಿದ್ದಿರಬೇಕು. ಅಧಿವೇಶನ ಕರೆದಾಗ ಸಚಿವಾಲಯ ಕೊನೆಯ ದಿನಾಂಕಗಳನ್ನೂ, ಯಾವ ದಿನ ಯಾವ ಇಲಾಖೆಗಳ ಸರದಿ ಎಂಬ ಪಟ್ಟಿಯನ್ನೂ ಸದಸ್ಯರಿಗೆ ಕಳಿಸುತ್ತದೆ. ಪಿಎ ಹತ್ತಿರ ಮೊದಲು ಕೇಳಬೇಕಾದ್ದು ಆ ಪಟ್ಟಿಯನ್ನೇ. ಸರದಿ ಇಲ್ಲದ ದಿನಕ್ಕೆ ಬರೆದುಕೊಟ್ಟರೆ ಹಾಳೆ ಸುಮ್ಮನೆ ಕೂರುತ್ತದೆ.

ಬೆಳಗಾವಿಯ ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನ ನಮಗೆ ಹತ್ತಿರ. ಆದರೆ ಅದು ಸಾಮಾನ್ಯವಾಗಿ ಎರಡು ವಾರದೊಳಗೆ ಮುಗಿಯುತ್ತದೆ, ಒಂದು ಇಲಾಖೆಯ ಸರದಿ ಒಂದೋ ಎರಡೋ ಸಲ ಬಂದರೆ ಹೆಚ್ಚು. ದೀಪಾವಳಿ ಮುಗಿದ ಕೂಡಲೇ ಕರಡು ಶಾಸಕರ ಕೈ ಸೇರಬೇಕು. ಅಧಿವೇಶನ ಶುರುವಾದ ಮೇಲೆ ಮನವಿ ಹಿಡಿದುಕೊಂಡು ಬೆಳಗಾವಿ ಬಸ್ಸು ಹತ್ತಿದರೆ ಫೋಟೊ ಸಿಗುತ್ತದೆ, ಉತ್ತರ ಸಿಗುವುದಿಲ್ಲ.

ಇಲಾಖೆ ತಪ್ಪಿದರೆ ಪ್ರಶ್ನೆ ದಾರಿ ತಪ್ಪುತ್ತದೆ

ಹೆಚ್ಚು ಎಡವಟ್ಟು ಆಗುವುದು ಕಲ್ಯಾಣ ಯೋಜನೆಗಳಲ್ಲಿ. ಸಂಧ್ಯಾ ಸುರಕ್ಷಾ, ವಿಧವಾ ವೇತನ ಸಮಾಜ ಕಲ್ಯಾಣ ಇಲಾಖೆಯವಲ್ಲ, ಕಂದಾಯ ಇಲಾಖೆಯವು. ಗೃಹಲಕ್ಷ್ಮಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಕಟ್ಟಡ ಕಾರ್ಮಿಕರ ಮಕ್ಕಳ ವಿದ್ಯಾರ್ಥಿವೇತನ ಕಾರ್ಮಿಕ ಇಲಾಖೆಗೆ. ಹಾಸ್ಟೆಲ್ ಅಂತ ಒಂದೇ ಪದ ಬರೆದರೆ ಸಾಲದು. ಪರಿಶಿಷ್ಟ ಜಾತಿಯದು ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡದ್ದು ಬೇರೆ, ಹಿಂದುಳಿದ ವರ್ಗದ್ದು ಬೇರೆ, ಅಲ್ಪಸಂಖ್ಯಾತರದು ಮತ್ತೂ ಬೇರೆ. ಧಾರವಾಡದಲ್ಲಿ ಓದಲು ಬಂದ ಹುಡುಗರಿಗೆ ಸೀಟು ಸಾಲುತ್ತಿಲ್ಲ ಎಂಬುದನ್ನು ಕೇಳಬೇಕಿದ್ದರೆ ನಾಲ್ಕು ಪ್ರಶ್ನೆಗಳನ್ನೇ ಬರೆಯಬೇಕು. ಪ್ರತಿಯೊಂದರಲ್ಲೂ ಬಂದ ಅರ್ಜಿ, ಮಂಜೂರಾದ ಸಂಖ್ಯಾಬಲ, ಪ್ರವೇಶ ಪಡೆದವರು, ಬಾಡಿಗೆ ಕಟ್ಟಡದಲ್ಲಿರುವ ಹಾಸ್ಟೆಲ್‌ಗಳು ಎಂದು ಬಿಡಿಸಿ ಕೇಳಬೇಕು.

ಪಿಂಚಣಿ ನಿಂತ ವಿಷಯದಲ್ಲಿ ‘ಎಷ್ಟು ಫಲಾನುಭವಿಗಳಿದ್ದಾರೆ’ ಅಂತ ಕೇಳಿದರೆ ದೊಡ್ಡ ಸಂಖ್ಯೆ ಹೇಳಿ ಸರ್ಕಾರವೇ ಬೆನ್ನು ತಟ್ಟಿಕೊಳ್ಳುತ್ತದೆ. ಕೇಳಬೇಕಾದ್ದು ಸ್ಥಗಿತಗೊಂಡವರೆಷ್ಟು, ಕಾರಣವಾರು ಎಷ್ಟು (ಮರಣ, ಆಧಾರ್ ಜೋಡಣೆ, ಬ್ಯಾಂಕ್ ಖಾತೆ ನಿಷ್ಕ್ರಿಯ, ಆದಾಯ ಮಿತಿ), ಮರುಚಾಲನೆಗೆ ಬಂದ ಅರ್ಜಿ ಎಷ್ಟು, ಬಾಕಿ ಹಣ ಕೊಟ್ಟಿದ್ದಾರೋ ಇಲ್ಲವೋ.

ಪ್ರಶ್ನೆಯ ಮೈಕಟ್ಟು

ಉತ್ತರದ ಹಾಳೆಯಲ್ಲಿ ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. (ಅ), (ಆ), (ಇ), (ಈ) ಎಂದು ಭಾಗಗಳು. ಕರಡನ್ನೂ ಹಾಗೇ ಬರೆಯಿರಿ. ಈಗ ಕೆಟ್ಟ ನಮೂನೆ ನೋಡಿ:

(ಅ) ಹಾನಗಲ್ ತಾಲ್ಲೂಕಿನಲ್ಲಿ ಶಿಕ್ಷಕರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ;
(ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮವೇನು?

ಇದಕ್ಕೆ ಬರುವ ಉತ್ತರ ಕಣ್ಣು ಮುಚ್ಚಿ ಹೇಳಬಹುದು: ‘ಬಂದಿದೆ. ಅತಿಥಿ ಶಿಕ್ಷಕರನ್ನು ನೇಮಿಸಿಕೊಳ್ಳಲಾಗಿದೆ.’ (ಅ)ಗೆ ‘ಬಂದಿರುವುದಿಲ್ಲ’ ಅಂದರಂತೂ (ಆ) ‘ಉದ್ಭವಿಸುವುದಿಲ್ಲ’. ಒಂದರ ಮೇಲೊಂದು ಅವಲಂಬಿಸಿದ ಭಾಗಗಳ ದೋಷವೇ ಇದು, ಮೊದಲನೆಯದು ಬಿದ್ದರೆ ಎಲ್ಲವೂ ಬೀಳುತ್ತವೆ. ಅದನ್ನೇ ಹೀಗೆ ತಿರುಗಿಸಿ:

(ಅ) ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಸರ್ಕಾರಿ ಕಿರಿಯ ಹಾಗೂ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮಂಜೂರಾದ, ಭರ್ತಿಯಾದ ಮತ್ತು ಖಾಲಿ ಇರುವ ಶಿಕ್ಷಕರ ಹುದ್ದೆಗಳೆಷ್ಟು. (ಶಾಲಾವಾರು ಹಾಗೂ ವಿಷಯವಾರು ವಿವರ ನೀಡುವುದು)
(ಆ) ಭರ್ತಿಯಾಗಿರುವ ಹುದ್ದೆಗಳ ಪೈಕಿ ನಿಯೋಜನೆ ಅಥವಾ ಅನ್ಯಕಾರ್ಯ ನಿಮಿತ್ತ ಬೇರೆಡೆ ಕಾರ್ಯನಿರ್ವಹಿಸುತ್ತಿರುವವರೆಷ್ಟು; ಯಾವ ಆದೇಶ, ಯಾವ ದಿನಾಂಕದಿಂದ;
(ಇ) ಒಬ್ಬರೇ ಕಾಯಂ ಶಿಕ್ಷಕರಿರುವ ಹಾಗೂ ಕಾಯಂ ಶಿಕ್ಷಕರೇ ಇಲ್ಲದ ಶಾಲೆಗಳಾವುವು; ಅವುಗಳ ದಾಖಲಾತಿ ಎಷ್ಟು;
(ಈ) ಸದರಿ ಹುದ್ದೆಗಳನ್ನು ಯಾವ ಕಾಲಮಿತಿಯೊಳಗೆ ಭರ್ತಿ ಮಾಡಲಾಗುವುದು?

ಕೀಲಿ ಇರುವುದು (ಆ)ನಲ್ಲಿ. ಶಾಲೆಯಲ್ಲಿ ಹುದ್ದೆ ಭರ್ತಿ ಅಂತ ದಾಖಲೆ ಹೇಳುತ್ತದೆ, ಮೇಷ್ಟ್ರು ಮಾತ್ರ ಎರಡು ವರ್ಷದಿಂದ ಯಾವುದೋ ಕಚೇರಿಯಲ್ಲಿ ಕೂತಿರುತ್ತಾರೆ. ಮಂಜೂರು, ಭರ್ತಿ, ಖಾಲಿ ಎಂಬ ಮೂರೇ ಕಾಲಂ ಕೇಳಿದರೆ ಈ ನಾಲ್ಕನೆಯದು ಎಂದೂ ಹೊರಬರುವುದಿಲ್ಲ. ಪಟ್ಟಿ ಬಂದ ಮೇಲೆ ಶಿಕ್ಷಣ ಹಕ್ಕು ಕಾಯ್ದೆಯ ಅನುಪಾತಕ್ಕೆ (ಒಂದರಿಂದ ಐದನೇ ತರಗತಿಗೆ 30 ಮಕ್ಕಳಿಗೊಬ್ಬರು, ಆರರಿಂದ ಎಂಟಕ್ಕೆ 35ಕ್ಕೊಬ್ಬರು) ಹಚ್ಚಿ ನೋಡಿ. ತಾಲ್ಲೂಕಿನ ಸರಾಸರಿ ಚೆನ್ನಾಗಿಯೇ ಕಾಣಬಹುದು. ಕೊರತೆ ಸರಾಸರಿಯ ಹಿಂದೆ ಅಡಗುತ್ತದೆ, ಅದಕ್ಕೇ ಶಾಲಾವಾರು ಕೇಳುವುದು. ಒಂದೇ ಹೆಸರಿನ ಶಾಲೆಗಳಿದ್ದರೆ ಪ್ರತಿ ಶಾಲೆಗೂ ಇರುವ 11 ಅಂಕಿಯ ಯುಡೈಸ್ ಗುರುತು ಸಂಖ್ಯೆ ಸೇರಿಸಿ.

ಕಾಲಾವಧಿಯೂ ಇಷ್ಟೇ ಮುಖ್ಯ. ‘ಇತ್ತೀಚೆಗೆ’, ‘ಕಳೆದ ಕೆಲವು ವರ್ಷಗಳಲ್ಲಿ’ ಅಂತ ಬರೆಯಬೇಡಿ, ‘ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ, ವರ್ಷವಾರು’ ಎನ್ನಿ. ಇಪ್ಪತ್ತು ವರ್ಷದ ಇಡೀ ರಾಜ್ಯದ ಲೆಕ್ಕ ಕೇಳಿದರೆ ‘ಮಾಹಿತಿ ಕ್ರೋಢೀಕರಿಸಲಾಗುತ್ತಿದೆ’ ಎಂಬ ಉತ್ತರ ಖಾತ್ರಿ. ಒಂದು ಜಿಲ್ಲೆ, ಮೂರು ವರ್ಷ ಆದರೆ ಆ ನೆಪ ನಿಲ್ಲುವುದಿಲ್ಲ.

ಮಾರುಕಟ್ಟೆ, ಬೆಲೆ, ಖರೀದಿ

ಇಲ್ಲಿ ಮೊದಲು ರಾಜ್ಯದ್ದು ಯಾವುದು, ಕೇಂದ್ರದ್ದು ಯಾವುದು ಎಂದು ಬಿಡಿಸಿಕೊಳ್ಳಬೇಕು. ಬೆಂಬಲ ಬೆಲೆ ಘೋಷಿಸುವುದು ಕೇಂದ್ರ. ಗೋವಿನಜೋಳಕ್ಕೆ 2025-26ರಲ್ಲಿ ಕ್ವಿಂಟಲಿಗೆ 2,400 ರೂಪಾಯಿ. ‘ಬೆಲೆ ಏಕೆ ಹೆಚ್ಚಿಸಿಲ್ಲ’ ಎಂದು ಬೆಂಗಳೂರಲ್ಲಿ ಕೇಳಿದರೆ ದೆಹಲಿ ಕಡೆ ಬೆರಳು ತೋರಿಸುತ್ತಾರೆ, ಪ್ರಶ್ನೆ ಅಂಗೀಕಾರವೇ ಆಗದಿರಲೂಬಹುದು. ರಾಜ್ಯವನ್ನು ಹಿಡಿಯಬೇಕಾದ್ದು ದಿನಾಂಕಗಳಲ್ಲಿ: ಖರೀದಿ ಕೇಂದ್ರಕ್ಕಾಗಿ ಪ್ರಸ್ತಾವ ಕಳಿಸಿದ್ದು ಯಾವಾಗ, ಒಪ್ಪಿಗೆ ಬಂದಿದ್ದು ಯಾವಾಗ, ಕೇಂದ್ರ ತೆರೆದಿದ್ದು ಯಾವಾಗ, ನೋಂದಾಯಿಸಿದ ರೈತರೆಷ್ಟು, ಕೊಂಡ ಕ್ವಿಂಟಲ್ ಎಷ್ಟು, ಹಣ ಬಾಕಿ ಎಷ್ಟು ಮಂದಿಗೆ. ಸುಗ್ಗಿಯ ಆವಕ ಮುಗಿದ ಮೇಲೆ ಕೇಂದ್ರ ತೆರೆದಿದ್ದರೆ ಆ ದಿನಾಂಕಗಳೇ ಎಲ್ಲವನ್ನೂ ಹೇಳುತ್ತವೆ, ಶಾಸಕರು ದನಿ ಏರಿಸುವ ಅಗತ್ಯವಿಲ್ಲ.

ಬ್ಯಾಡಗಿ ಮೆಣಸಿನಕಾಯಿಗೆ ಬೆಂಬಲ ಬೆಲೆಯೇ ಇಲ್ಲ, ಆ ಪಟ್ಟಿಯಲ್ಲಿ ಒಣಮೆಣಸಿನಕಾಯಿ ಸೇರಿಲ್ಲ. ‘ಬೆಂಬಲ ಬೆಲೆಯಲ್ಲಿ ಖರೀದಿಸಲಾಗುವುದೇ’ ಎಂದು ಕೇಳಿದರೆ ಸಚಿವರಿಗೆ ಹೋಳಿಗೆ ತುಪ್ಪ. ಕೇಳಬೇಕಾದ್ದು ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯ (ಬೆಂಬಲ ಬೆಲೆ ಇಲ್ಲದ ಬೆಳೆಯ ದರ ಕುಸಿದಾಗ ಸರ್ಕಾರ ನೆರವಿಗೆ ಬರುವ ಯೋಜನೆ) ಪ್ರಸ್ತಾವದ ಬಗ್ಗೆ. 2024ರ ಮಾರ್ಚ್ 11ರಂದು ಬೆಲೆ ಕುಸಿದು ಸಿಟ್ಟಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಇಟ್ಟಿದ್ದು ಎಲ್ಲರಿಗೂ ಗೊತ್ತು. ಅಂಥ ದಿನದ ಬಗ್ಗೆ ಕೇಳುವಾಗ ಸರಾಸರಿ ದರ ಕೇಳಬಾರದು. ಡಬ್ಬಿ, ಕಡ್ಡಿ, ಗುಂಟೂರು ತಳಿಗಳ ದರದ ನಡುವೆ ಭಾರೀ ಅಂತರ, ಮೂರನ್ನೂ ಕಲಸಿದರೆ ಕುಸಿತ ಕಾಣುವುದೇ ಇಲ್ಲ. ತಳಿವಾರು ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಿನ ಮಾಲು ಮಾರಾಟವಾದ) ದರವನ್ನು ಆ ದಿನಕ್ಕೂ ಅದರ ಹಿಂದಿನ ವಹಿವಾಟಿನ ದಿನಕ್ಕೂ ಕೇಳಿ. ಬಂದ ಚೀಲವೆಷ್ಟು, ಟೆಂಡರ್ ಹಾಕಿದ ವರ್ತಕರೆಷ್ಟು, ಶೈತ್ಯಾಗಾರದಲ್ಲಿದ್ದ ಹಳೇ ದಾಸ್ತಾನು ಎಷ್ಟು ಎಂಬುದೂ ಜೊತೆಗಿರಲಿ. ಮೆಣಸಿನಕಾಯಿಯ ಭರಾಟೆ ಇರುವುದು ಜನವರಿ ನಂತರ, ಹಾಗಾಗಿ ಇದು ಬಜೆಟ್ ಅಧಿವೇಶನದ ಪ್ರಶ್ನೆ.

ಹುಬ್ಬಳ್ಳಿ ದುರ್ಗದಬೈಲಿನಂಥ ಕಡೆಯ ಬೀದಿ ವ್ಯಾಪಾರಿಗಳ ವಿಷಯಕ್ಕೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಆಧಾರ. ನಗರಾಭಿವೃದ್ಧಿ ಇಲಾಖೆಗೆ ಕೇಳಿ: ಸಮೀಕ್ಷೆ ನಡೆದ ದಿನ, ಕೊಟ್ಟ ಗುರುತಿನ ಚೀಟಿ, ಪಟ್ಟಣ ವ್ಯಾಪಾರ ಸಮಿತಿಯ ಸಭೆಗಳು, ಗುರುತಿಸಿದ ವಲಯಗಳು.

ನಿರಾಶ್ರಿತರ ಬಗ್ಗೆ ಕೇಳುವಾಗ

ಹುಬ್ಬಳ್ಳಿಯಿಂದ ಶಿರಸಿ ದಾರಿಯಲ್ಲಿ ಸಿಗುವ ಮುಂಡಗೋಡದ ಟಿಬೆಟಿಯನ್ ಕ್ಯಾಂಪು 1966ರಿಂದ ಇದೆ. ಅಲ್ಲಿಯವರು ಸಂತೆಗೆ, ಆಸ್ಪತ್ರೆಗೆ, ಓದಿಗೆ ಹುಬ್ಬಳ್ಳಿ-ಧಾರವಾಡಕ್ಕೆ ಬರುತ್ತಾರೆ. ಮುಂಡಗೋಡ ಇರುವುದು ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ ವಿಧಾನಸಭಾ ಕ್ಷೇತ್ರದಲ್ಲಿ. ಆದರೆ ಮೇಲೆ ಹೇಳಿದ ಪಶ್ಚಿಮ ಶಿಕ್ಷಕರ, ಪದವೀಧರರ ಕ್ಷೇತ್ರಗಳಿಗೆ ಅದೂ ಸೇರುತ್ತದೆ.

ಕರಡಿನಲ್ಲಿ ಬರೀ ‘ನಿರಾಶ್ರಿತರು’ ಅಂತ ಬರೆದರೆ ಪ್ರಶ್ನೆ ಸಮಾಜ ಕಲ್ಯಾಣ ಇಲಾಖೆಯ ನಿರಾಶ್ರಿತರ ಪರಿಹಾರ ಕೇಂದ್ರದ ಕಡೆ ಹೋಗಬಹುದು, ಅದು ಭಿಕ್ಷುಕರ ಪುನರ್ವಸತಿಯದು. ‘ಟಿಬೆಟಿಯನ್ ನಿರಾಶ್ರಿತರು’ ಎಂದೇ ಬರೆಯಿರಿ. ಮಲಪ್ರಭಾ, ಬೆಣ್ಣೆಹಳ್ಳದ ಹೊಳೆಗೆ ಮನೆ ಕಳೆದುಕೊಂಡವರು ‘ನೆರೆ ಸಂತ್ರಸ್ತರು’, ಅವರ ಪ್ರಶ್ನೆ ಕಂದಾಯ ಇಲಾಖೆಗೆ.

ಪೌರತ್ವ, ನೋಂದಣಿ ಪ್ರಮಾಣಪತ್ರದ ನಿಯಮ, ವಿದೇಶ ಪ್ರಯಾಣದ ಗುರುತುಪತ್ರ ಇವೆಲ್ಲ ಕೇಂದ್ರದ್ದು. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ, ವಿದೇಶಿಯರ ಹಳೇ ಕಾಯ್ದೆಗಳ ಜಾಗಕ್ಕೆ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರ ಪೌರತ್ವದ ತಕರಾರನ್ನು ವಿಧಾನಸಭೆಯಲ್ಲಿ ಎತ್ತಿ ಪ್ರಯೋಜನವಿಲ್ಲ, ಸಂಸದರ ಮೂಲಕ ಗೃಹ ಸಚಿವಾಲಯಕ್ಕೆ ಕೇಳಿಸಬೇಕು. ರಾಜ್ಯದ ಕೈಲಿರುವುದು 2014ರ ಟಿಬೆಟಿಯನ್ ಪುನರ್ವಸತಿ ನೀತಿಯ ಜಾರಿ. ನೆಲದ ಗುತ್ತಿಗೆ ಪತ್ರ 20 ವರ್ಷಕ್ಕೆ ಮಾಡಿಕೊಡಬೇಕು, ಪಡಿತರದಂಥ ಯೋಜನೆಗಳನ್ನು ವಿಸ್ತರಿಸಬೇಕು ಎನ್ನುತ್ತದೆ ಆ ನೀತಿ. ಗುತ್ತಿಗೆ ಕಂದಾಯ ಇಲಾಖೆಗೆ, ಪಡಿತರ ಆಹಾರ ಇಲಾಖೆಗೆ, ವ್ಯಾಪಾರದ ಪರವಾನಗಿ ಸ್ಥಳೀಯ ಸಂಸ್ಥೆಯ ಇಲಾಖೆಗೆ, ಹೀಗೆ ಮೂರು ಹಾಳೆ.

ಹೆಸರು, ವಿಳಾಸದ ಪಟ್ಟಿ ಕೇಳಬೇಡಿ, ಸಂಖ್ಯೆ ಸಾಕು. ಸದನಕ್ಕೆ ಬಂದ ಅನುಬಂಧ ಎಲ್ಲರ ಕೈಗೂ ಸಿಗುತ್ತದೆ, ಊರು ಬಿಟ್ಟು ಬಂದವರ ವಿಳಾಸ ಅಲ್ಲಿರುವುದು ಯಾರಿಗೂ ಒಳ್ಳೆಯದಲ್ಲ. ನಿರಾಶ್ರಿತರನ್ನೂ ‘ಅಕ್ರಮ ವಲಸಿಗರನ್ನೂ’ ಒಂದೇ ವಾಕ್ಯದಲ್ಲಿ ಹೊಲಿದರೆ ಗದ್ದಲ ಎದ್ದು ಪ್ರಶ್ನೋತ್ತರದ ಹೊತ್ತು ಹೋಗುತ್ತದೆ, ಗುತ್ತಿಗೆಯ ಲೆಕ್ಕ ಅಲ್ಲೇ ಉಳಿಯುತ್ತದೆ.

ಸಂಸದರ ಲೆಕ್ಕವೂ ಗೊತ್ತಿರಲಿ. ಧಾರವಾಡ ಲೋಕಸಭೆಗೆ ಶಿಗ್ಗಾಂವಿ ಸೇರುತ್ತದೆ. ಗದಗ, ರೋಣ, ಶಿರಹಟ್ಟಿ ಹಾವೇರಿ ಲೋಕಸಭೆಗೆ, ನರಗುಂದ ಮಾತ್ರ ಬಾಗಲಕೋಟೆಗೆ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನ 20 ಪ್ರಶ್ನೆ, ಒಬ್ಬ ಸದಸ್ಯರ ಹೆಸರಲ್ಲಿ ಒಂದೇ. ಪ್ರಶ್ನೆ 150 ಪದ ಮೀರಬಾರದು.

ಯಾವುದು ತಿರಸ್ಕೃತವಾಗುತ್ತದೆ

ವಾದ, ವ್ಯಂಗ್ಯ, ಆರೋಪ, ಅಭಿಪ್ರಾಯ ಕೇಳುವುದು, ‘ಹೀಗಾದರೆ ಏನು ಮಾಡುತ್ತೀರಿ’ ಎಂಬ ಊಹೆ, ನ್ಯಾಯಾಲಯದ ಮುಂದಿರುವ ವಿಷಯ, ಒಬ್ಬ ಅಧಿಕಾರಿಯ ಖಾಸಗಿ ನಡತೆ. ‘ಅಧಿಕಾರಿಗಳ ನಿರ್ಲಕ್ಷ್ಯದಿಂದ’ ಎಂಬ ಎರಡು ಪದ ಸಾಕು ಪ್ರಶ್ನೆ ವಾಪಸಾಗಲು. ಮಹದಾಯಿಯಂಥ ವಿಷಯದಲ್ಲಿ ಹಕ್ಕಿನ ವಾದ ಬಿಟ್ಟು, ಕಳಸಾ-ಬಂಡೂರಿಗೆ ಇದುವರೆಗೆ ಖರ್ಚಾದ ಹಣ ಎಷ್ಟು, ಯಾವ ಅನುಮತಿಗೆ ಯಾವ ದಿನ ಅರ್ಜಿ ಹಾಕಿದ್ದೀರಿ ಎಂದು ಕೇಳಿದರೆ ತಡೆಯುವುದು ಕಷ್ಟ.

ಉಪಪ್ರಶ್ನೆಯ ಚೀಟಿ

ಸದನದಲ್ಲಿ ಸಚಿವರು ‘ಉತ್ತರ ಒದಗಿಸಿದೆ’ ಎನ್ನುತ್ತಾರೆ, ಆಮೇಲೆ ಶಾಸಕರ ಮಾತು. ಒಂದೆರಡು ಉಪಪ್ರಶ್ನೆಗಷ್ಟೇ ಅವಕಾಶ ಇರುವುದರಿಂದ ಅಂಗೈಯಗಲದ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಮೂರೇ ಸಾಲು ಬರೆದುಕೊಡಿ. ಒಂದು, ಉತ್ತರದಲ್ಲಿರುವ ಅಂಕಿ. ಎರಡು, ನಿಮ್ಮ ಹತ್ತಿರ ಇರುವ ದಾಖಲೆಯ ಅಂಕಿ ಮತ್ತು ದಿನಾಂಕ. ಮೂರು, ಒಂದೇ ಬೇಡಿಕೆ, ಕಾಲಮಿತಿಯ ಸಮೇತ. ಸಮಸ್ಯೆಯ ಇತಿಹಾಸ ಬರೆದುಕೊಟ್ಟರೆ ಶಾಸಕರು ಅದನ್ನೇ ಓದುತ್ತಾರೆ, ಸಭಾಧ್ಯಕ್ಷರು ‘ಪ್ರಶ್ನೆ ಕೇಳಿ, ಭಾಷಣ ಬೇಡ’ ಎಂದು ಕೂರಿಸುತ್ತಾರೆ.

ಎರಡನೇ ಸಾಲಿನ ದಾಖಲೆಗೆ ಮಾಹಿತಿ ಹಕ್ಕು ಅರ್ಜಿ ಮೊದಲೇ ಹಾಕಿರಬೇಕು: 10 ರೂಪಾಯಿ ಶುಲ್ಕ, 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಅಧಿವೇಶನಕ್ಕೆ ಎರಡು ತಿಂಗಳು ಮೊದಲು ಹಾಕಿದರೆ ಮೊದಲ ಮೇಲ್ಮನವಿಗೂ ಹೊತ್ತು ಉಳಿಯುತ್ತದೆ.

ಉತ್ತರ ಕೈಗೆ ಬಂದ ಮೇಲೆ

ಉತ್ತರದ ಹಾಳೆಯ ಕೊನೆಯಲ್ಲಿ ಇಲಾಖೆಯ ಕಡತ ಸಂಖ್ಯೆ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಅದೇ ಸಂಖ್ಯೆ ಹಾಕಿ ಕಡತದ ಟಿಪ್ಪಣಿ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ‘ಕ್ರಮ ಕೈಗೊಳ್ಳಲಾಗುವುದು’ ಎಂದು ಸಚಿವರು ಸದನದಲ್ಲಿ ಹೇಳಿದ್ದರೆ ಅದು ಭರವಸೆ, ಸರ್ಕಾರಿ ಭರವಸೆಗಳ ಸಮಿತಿಯ ಮುಂದೆ ಬರಬೇಕಾದ್ದು. ಬಂದಿದೆಯೋ ಇಲ್ಲವೋ ಎಂದು ಶಾಸಕರಿಂದ ಸಮಿತಿಗೆ ಪತ್ರ ಬರೆಸಿ. ‘ಪರಿಶೀಲಿಸಲಾಗುವುದು’, ‘ಅನುದಾನದ ಲಭ್ಯತೆಗನುಗುಣವಾಗಿ’ ಎಂಬವು ಜಾರುವ ಮಾತುಗಳು. ಉಪಪ್ರಶ್ನೆಯಲ್ಲಿ ತಿಂಗಳ ಹೆಸರು ಹೇಳಿಸದಿದ್ದರೆ ಅವನ್ನು ಹಿಡಿದು ಏನೂ ಮಾಡಲಾಗುವುದಿಲ್ಲ.

ಅನುಬಂಧವನ್ನು ಊರಲ್ಲಿ ತಾಳೆ ನೋಡುವುದೇ ಮುಂದಿನ ಕೆಲಸ. ಶಾಲಾವಾರು ಪಟ್ಟಿಯನ್ನು ಪ್ರತಿ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷರ ವಾಟ್ಸಾಪಿಗೆ ಹಾಕಿ, ಹಾಜರಿ ಪುಸ್ತಕದ ಜೊತೆ ಹೋಲಿಸಿ ಹೇಳಿ ಅನ್ನಿ. ತಪ್ಪು ಸಿಕ್ಕರೆ ಪತ್ರಿಕೆಗೆ ಓಡುವ ಮೊದಲು ಶಾಸಕರಿಂದ ಸಚಿವರಿಗೆ ಪತ್ರ ಹೋಗಲಿ, ತಿದ್ದುಪಡಿ ಉತ್ತರ ಕೊಡಲು ಅವರಿಗೆ ಅವಕಾಶ ಸಿಗುತ್ತದೆ. ತಿದ್ದದೇ ಹಠ ಹಿಡಿದರೆ ಸದನಕ್ಕೆ ತಪ್ಪು ಮಾಹಿತಿ ಕೊಟ್ಟ ಕಾರಣಕ್ಕೆ ಹಕ್ಕುಚ್ಯುತಿ (ಸದನದ ಹಕ್ಕಿಗೆ ಧಕ್ಕೆ ಎಂಬ ದೂರು) ಸೂಚನೆಯ ದಾರಿ ಸದಸ್ಯರಿಗೆ ತೆರೆದೇ ಇದೆ. ಬೇಕೆಂದೇ ಸುಳ್ಳು ಹೇಳಿದ್ದಾರೆ ಎಂದು ತೋರಿಸುವ ಕಾಗದ ಇಲ್ಲದೆ ಅದಕ್ಕೆ ಕೈ ಹಾಕಬಾರದು.